ಗೇಟಿನಾಚೆಯ ಎರಡು ನಳ

ಗೇಟಿನೋಣಿ, ರಾಣೆಬೆನ್ನೂರು
೧೪ ಜೂನ್ ೧೯೯೩

ಅಜ್ಜಪ್ಪ,

ಅದಕ್ಕೇ ನಾನು ಅಂದದ್ದು, ತಪ್ಪು ನನ್ನದೂ ಅಲ್ಲ ನಿನ್ನದೂ ಅಲ್ಲ, ಎಲ್ಲಾ ಆ ಲಿಸ್ಟುಗಳದು ಎಂದು. ಲಿಸ್ಟು ಎಂದ ಕೂಡಲೇ ನಿನ್ನೆ ನಿನ್ನ ಮುಖ ಗಂಟಾಯಿತು, ಅಷ್ಟರಲ್ಲಿ ನನ್ನ ಬಸ್ಸೂ ಬಂತು, ಮಾತು ಬ್ಯಾಡಗಿ ಸ್ಟ್ಯಾಂಡಿನಲ್ಲೇ ಉಳಿಯಿತು. ಅರ್ಧಕ್ಕೆ ಬಿಟ್ಟ ಮಾತು ನನಗೆ ನಿದ್ದೆ ಕೊಡುವುದಿಲ್ಲ. ಪೂರ್ತಿ ಮಾಡುತ್ತೇನೆ, ಓದು.

ನೀನು ಅಂದದ್ದು ಇಷ್ಟು: “ಮಾಲತೇಶ ಬಂಗಾರದಂಥಾ ಹುಡುಗ, ನನ್ನ ತಂಗಿ ಹೆತ್ತ ಮಗ. ಮಂಗಳಾನ್ನ ಅವಗ ಕೊಡಾಕ ನನ್ನದೇನೂ ತಕರಾರಿಲ್ಲ. ಆದರ ನಿಮ್ಮ ಓಣಿಗೆ ನಳ ಬರೂತನಾ ಕೊಡೂದಿಲ್ಲ. ನನ್ನ ತಂಗಿ ಸಾಯೂತನಾ ಆ ಗೇಟ್ ದಾಟಿ ಬಾವಿ ನೀರು ಹೊತ್ತಳು. ನನ್ನ ಮಗಳು ಹೊರೂದಿಲ್ಲ.”

ನಿನ್ನ ತಂಗಿ ಭರಮವ್ವನ ಹೆಸರು ಬಂದರೆ ನನ್ನ ಬಾಯಿ ತಾನಾಗಿಯೇ ಬೇರೆ ಕಡೆ ಹೊರಳುತ್ತದೆ. ನಿನ್ನೆ ಲಿಸ್ಟಿನ ಕಡೆ ಹೊರಳಿತು. ಆದರೂ ಲಿಸ್ಟಿನ ಮಾತು ಸುಳ್ಳಲ್ಲ. ಧಾರವಾಡದ ಖೋಲಿಯಲ್ಲಿ ಇಬ್ಬರೂ ಒಂದೇ ಕಂದೀಲಿನ ಮುಂದೆ ನೌಕರಿಯ ಪರೀಕ್ಷೆಗೆ ಓದಿದೆವು. ಸಂವಿಧಾನ ಆಗ ಹೊಸದು, ಪುಸ್ತಕದ ಅಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ನೀನು ಪಾಸಾಗಿ ಪಿ.ಡಬ್ಲ್ಯು.ಡಿ. ಸೇರಿ ರಾಜ್ಯದವನಾದೆ. ನಾನು ಪಾಲಿಟಿ, ಅಂದರೆ ರಾಜ್ಯಶಾಸ್ತ್ರದ ಪೇಪರಿನಲ್ಲಿ ಬಿದ್ದು, ರೈಲ್ವೆಯ ಮಾಲು ಗುಮಾಸ್ತನಾಗಿ ಕೇಂದ್ರದವನಾದೆ. ಆದರೆ ಬಿದ್ದವನು ಅದೇ ಪುಸ್ತಕವನ್ನು ಎರಡು ಸಲ ಓದಿರುತ್ತಾನೆ, ಮರೆಯಬೇಡ. ‘ದಿ ಸ್ಟೇಟ್ ಶಲ್’ ಎಂದು ಒಂದು ವಾಕ್ಯ ಶುರುವಾಗುತ್ತಿತ್ತು. ಶಲ್ ಚೆನ್ನಾಗಿ ನೆನಪಿದೆ, ಸ್ಟೇಟ್ ಏನು ಮಾಡುತ್ತದೆ ಎಂಬುದು ಮಾತ್ರ ಮರೆತಿದೆ. ಆದರೆ ಯಾವ ವಿಷಯ ಯಾರ ಅಧಿಕಾರ ಎಂದು ಹೇಳುವ ಲಿಸ್ಟು ಮೂರು, ಅದರಲ್ಲಿ ಅನುಮಾನ ಬೇಡ. ಯೂನಿಯನ್ ಲಿಸ್ಟ್ ದಿಲ್ಲಿಯದು: ಸೈನ್ಯ, ಟಪಾಲು, ರೈಲು. ಸ್ಟೇಟ್ ಲಿಸ್ಟ್ ಇಲ್ಲಿಯದು: ಪೊಲೀಸು, ಸಂತೆ, ಕುಡಿಯುವ ನೀರು. ಮೂರನೆಯದು ಕಾನ್‌ಕರೆಂಟ್, ಇಬ್ಬರದೂ.

ಈಗ ನಮ್ಮ ಓಣಿಗೆ ಬಾ. ಊರು ಹಳಿಯ ಆ ಕಡೆ, ನಾವು ಈ ಕಡೆ. ನೀರಿನ ಪೈಪು ಊರಿನಿಂದ ರೈಲ್ವೆ ಗೇಟಿನ ತನಕ ಬಂದು ನಿಂತಿದೆ. ಈ ಕಡೆಯೂ ಪೈಪು ಹೂತು, ನನ್ನ ಮನೆ ಮುಂದಿನ ಹುಣಸೆಮರದ ಬುಡದಲ್ಲಿ ಒಂದು ನಳ ನಿಲ್ಲಿಸಿದ್ದಾರೆ. ಅದರ ಬಾಯೊಳಗೆ ಕಡಜ ಮಣ್ಣು ಮೆತ್ತಿ ಮನೆ ಮಾಡಿದೆ. ನಡುವೆ ಉಳಿದಿರುವುದು ಹಳಿಯ ಕೆಳಗಿನ ಒಂದಿಷ್ಟು ಏರಿ. ನೀರಿನ ಆಫೀಸಿನವರು “ಹಳಿ ನಮ್ಮ ಕೈಯಾಗಿಲ್ಲರಿ” ಅನ್ನುತ್ತಾರೆ. ರೈಲ್ವೆಯವರು “ನೀರು ನಮ್ಮ ವಿಷಯ ಅಲ್ಲರಿ” ಅನ್ನುತ್ತಾರೆ. ಒಬ್ಬರಾದರೂ ಸುಳ್ಳು ಹೇಳಿದ್ದರೆ ಜಗಳ ತೆಗೆಯಬಹುದಿತ್ತು. ಇಬ್ಬರೂ ಖರೇ ಹೇಳುತ್ತಾರೆ, ಏನು ಮಾಡಲಿ?

ಇನ್ನೊಂದು ನೆನಪಾಯಿತು. ಮದುವೆ ಕಾನ್‌ಕರೆಂಟ್ ಲಿಸ್ಟಿನಲ್ಲಿದೆ, ಪಕ್ಕಾ. ಅಂದರೆ ನೀನೊಬ್ಬನೇ ಷರತ್ತು ಹಾಕಲಿಕ್ಕೆ ಬರುವುದಿಲ್ಲ. ಮೂರೂ ಲಿಸ್ಟಿನಲ್ಲಿ ಇಲ್ಲದ್ದು ಬಂದರೆ? ಅದಕ್ಕೆ ರೆಸಿಡ್ಯುಯರಿ ಪವರ್, ಉಳಿದ ಅಧಿಕಾರ ಅನ್ನುತ್ತಾರೆ, ಅದು ದಿಲ್ಲಿಗೆ. ಅಂದರೆ ನನ್ನ ಕಡೆಗೆ. ಇರಲಿ. ನಳ ತಾನೇ? ನಾನು ರೈಲ್ವೆ ಮನುಷ್ಯ, ನಾನೇ ತರುತ್ತೇನೆ.

ಮಂಗಳಾಗೆ ಆಶೀರ್ವಾದ.

ನಿನ್ನ ಭಾವ,
ಗುಡದಪ್ಪ


ಬ್ಯಾಡಗಿ
೨ ಜುಲೈ ೧೯೯೩

ಗುಡದಪ್ಪ,

ನಿನ್ನ ಕಾಗದ ತಲುಪಿತು. ಪಾಲಿಟಿ ಪೇಪರಿನಲ್ಲಿ ನೀನು ಯಾಕೆ ಬಿದ್ದೆ ಎಂದು ಈಗ ತಿಳಿಯಿತು. ಒಂದು ಪ್ರಶ್ನೆಗೆ ಇಷ್ಟು ಬರೆದರೆ ಯಾವ ಮಾಸ್ತರ ಓದುತ್ತಾನೆ?

ಕಾನ್‌ಕರೆಂಟಿನಲ್ಲಿ ಇಬ್ಬರ ಮಾತೂ ನಡೆಯುತ್ತದೆ, ತಕರಾರು ಬಂದಾಗ ದೊಡ್ಡವರ ಮಾತು ನಿಲ್ಲುತ್ತದೆ. ಇದನ್ನು ನೀನು ಬೇಕೆಂತಲೇ ಬಿಟ್ಟಿದ್ದೀ. ಹೆಣ್ಣಿನ ತಂದೆ ದೊಡ್ಡವನು. ಷರತ್ತು ನಿಲ್ಲುತ್ತದೆ.

ಇನ್ನು ಉಳಿದ ಅಧಿಕಾರ ದಿಲ್ಲಿಗೆ ಅಂದೆ. ದೇಶದಲ್ಲಿ ಹಾಗಿರಬಹುದು. ನಿನ್ನ ಮನೆಯಲ್ಲಿ ಮಾತ್ರ ಯಾವ ಲಿಸ್ಟಿನಲ್ಲೂ ಇಲ್ಲದ್ದೆಲ್ಲ ನನ್ನ ತಂಗಿಯ ಪಾಲಿಗೆ ಬರುತ್ತಿತ್ತು. ನಿನ್ನ ಅವ್ವನ ಕೆಮ್ಮು, ನಿನ್ನ ಸಿಟ್ಟು, ಹೇಳದೆ ಬರುವ ಬೀಗರು, ಸೋರುವ ಮಾಡು. ಸಂವಿಧಾನ ಬರೆದವರು ಅವಳನ್ನು ಕೇಳಿದ್ದರೆ ಅದಕ್ಕೂ ಒಂದು ಹೆಸರು ಇಡುತ್ತಿದ್ದರು.

ನೀನು ದಿಲ್ಲಿಯಿಂದ ತರುವವನೇನು? ತಾ ನೋಡೋಣ. ನೀರು ರಾಜ್ಯದ ವಿಷಯ. ಬರುವುದಾದರೆ ನನ್ನ ಕಡೆಯಿಂದಲೇ ಬರಬೇಕು.

ಅಜ್ಜಪ್ಪ


ಗೇಟಿನೋಣಿ
೨೧ ನವೆಂಬರ್ ೧೯೯೩

ಅಜ್ಜಪ್ಪ,

ಇಷ್ಟು ದಿನ ಬರೆಯಲಿಲ್ಲ, ಸಿಟ್ಟಿಗಲ್ಲ. ಓಡಾಟ. ಹುಬ್ಬಳ್ಳಿಯ ರೈಲ್ವೆ ಆಫೀಸಿಗೆ ಹೋಗಿ ಹೋಗಿ ಚಪ್ಪಲಿ ಸವೆದವು. ನಮ್ಮ ಕಾಲದ ಹುಡುಗರೆಲ್ಲ ಈಗ ಸಾಹೇಬರಾಗಿ ಕೂತಿದ್ದಾರೆ. ಬಹಳ ಮರ್ಯಾದೆ ಕೊಡುತ್ತಾರೆ, “ಕುಂದ್ರಿ ಕುಂದ್ರಿ” ಅನ್ನುತ್ತಾರೆ, ಚಹಾ ತರಿಸುತ್ತಾರೆ, ಮಿರ್ಚಿ ತರಿಸುತ್ತಾರೆ. ನೀರು ಅಂದ ಕೂಡಲೇ ಕಿಟಕಿಯ ಕಡೆ ನೋಡುತ್ತಾರೆ. ಒಬ್ಬನಂತೂ ನನ್ನ ಕೈ ಹಿಡಿದು ಅಂದ: “ಗುಡದಪ್ಪನವರ, ನೀವು ನಮ್ಮವರ. ಆದರ ನಿಮ್ಮ ಓಣಿ ನೀರಡಿಕಿ ನಮ್ಮದಲ್ಲರಿ.”

ಈ ಮಾತು ತಲೆಯಲ್ಲಿ ಇಟ್ಟುಕೊಂಡು ರೈಲಿನಲ್ಲಿ ಬರುತ್ತಿದ್ದೆ. ಯಾರ ನೀರಡಿಕೆ ಯಾರದು? ಸ್ಟೇಶನ್ನಿನಲ್ಲಿ ಇಳಿದು ಗೇಟಿಗೆ ಬಂದು ನೋಡಿದರೆ, ಗೇಟ್‌ಮನ್ ಬುಡನಸಾಬನ ಹೆಂಡತಿ ಹುಸೇನಬಿ ಕೊಡ ಹೊತ್ತು ಬರುತ್ತಿದ್ದಾಳೆ. ಗಂಡನೇ ಗೇಟು ಹಾಕಿದ್ದಾನೆ, ಹೆಂಡತಿ ಆ ಕಡೆ ನಿಂತು ಬೈಯುತ್ತಿದ್ದಾಳೆ.

“ಏ, ತಗೀ ಗೇಟು! ಕುತ್ತಿಗಿ ಮುರದು ಹೊಂಟೈತಿ.”

“ಗಾಡಿ ಬರಾಕತ್ತೈತಿ, ತಗಿಯಾಕ ಬರೂದಿಲ್ಲ. ರೂಲ್ಸ್ ಐತಿ.”

“ರೂಲ್ಸಿಗೆ ಹೇಳು, ರಾತ್ರಿ ರೊಟ್ಟಿ ಬಡದು ಹಾಕ್ತೈತಿ.”

ನಾನು ನಕ್ಕೆ. ನಗುತ್ತಿರುವಾಗಲೇ ಹೊಳೆಯಿತು. ಬುಡನಸಾಬ ಕೇಂದ್ರದ ನೌಕರ. ಅವನ ಕ್ವಾರ್ಟರ್ಸು ರೈಲ್ವೆ ಜಾಗದಲ್ಲಿ, ನಮ್ಮ ಓಣಿಯ ಅಂಚಿಗೇ ಇದೆ. ಹಾಗಾದರೆ ಅವನ ನೀರಡಿಕೆ ಯಾವ ಲಿಸ್ಟು? ಯೂನಿಯನ್ ಲಿಸ್ಟು! ಆ ಹೊತ್ತೇ ಕೂತು ಅರ್ಜಿ ಬರೆದೆ, ಇಂಗ್ಲಿಷಿನಲ್ಲಿ, ‘ದಿ ರೈಲ್ವೆ ಶಲ್’ ಎಂದು ಶುರು ಮಾಡಿ. ಗೇಟ್‌ಮನ್ನನ ಮನೆಗೆ ಸ್ಟೇಶನ್ನಿನ ನೀರಿನ ಟಾಕಿಯಿಂದ ಒಂದು ನಳ ಕೊಡಬೇಕು, ಅದು ಕ್ವಾರ್ಟರ್ಸಿನ ಹೊರಗೋಡೆಗೆ ಇರಬೇಕು, ಅಷ್ಟೇ. ಗೋಡೆಯ ಹೊರಗೆ ಯಾರು ನಿಂತು ತುಂಬಿಕೊಳ್ಳುತ್ತಾರೆ ಎಂದು ಬರೆದಿಲ್ಲ. ಟು ದಿ ಪಾಯಿಂಟ್ ಬರೆಯಬೇಕು ಎಂದು ನೀನೇ ಕಲಿಸಿದ್ದೀ.

ಮೊನ್ನೆ ದಾದಾಸಾಬನ ಚಹಾದ ಅಂಗಡಿಯಲ್ಲಿ ಟಿವಿಯ ಮುಂದೆ ಕೂತಿದ್ದೆವು, ಕ್ರಿಕೆಟ್ಟು. ಚಿತ್ರ ದಿಲ್ಲಿಯದು, ಕರೆಂಟಿನ ತಂತಿ ಇಲ್ಲಿಯದು. ಸರಿಯಾಗಿ ಕಡೆಯ ಓವರಿಗೆ ಕರೆಂಟು ಹೋಯಿತು. ದಾದಾಸಾಬ ಅಂದ: “ಒಬ್ಬರು ತೋರಸ್ತೀನಿ ಅಂತಾರ, ಒಬ್ಬರು ನೋಡಬ್ಯಾಡ ಅಂತಾರ. ಇಬ್ಬರ ನಡುವ ನಾ ಚಾ ಕುದಸಾಕತ್ತೇನಿ.” ಯಾಕೋ ನಿನ್ನ ನೆನಪಾಯಿತು.

ಅರ್ಜಿಯ ಉತ್ತರ ಕಾಯುತ್ತಿದ್ದೇನೆ.

ಗುಡದಪ್ಪ


ಬ್ಯಾಡಗಿ
೩೦ ಜನವರಿ ೧೯೯೪

ಮಾವನವರಿಗೆ ಮಂಗಳಾಳ ನಮಸ್ಕಾರಗಳು.

ಅಪ್ಪನಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ನಿಮ್ಮ ಕಾಗದ ಬಂದ ಮೇಲೆ ಅವರು ಮನೆಯಲ್ಲಿ ನಿಲ್ಲುತ್ತಿಲ್ಲ. ಇವತ್ತು ಹಾವೇರಿ, ನಾಳೆ ಧಾರವಾಡ, ಕೈಯಲ್ಲಿ ಕೊಡೆ, ಬಗಲಲ್ಲಿ ಅರ್ಜಿ. ಸಣ್ಣ ಹಳಿ ತೆಗೆದು ದೊಡ್ಡ ಹಳಿ ಹಾಕುವ ಕೆಲಸ ನಿಮ್ಮ ಕಡೆ ಬರುತ್ತದಂತೆ. ಏರಿ ಹೇಗೂ ಅಗೆಯುತ್ತಾರೆ, ಆಗ ಪೈಪು ತೂರಿಸಿಬಿಡಬೇಕು ಎಂದು ನೀರಿನ ಆಫೀಸಿನ ಎಂಜಿನಿಯರರನ್ನು ಹಿಡಿದಿದ್ದಾರೆ. “ಆ ಗುಡದಪ್ಪನ ದಿಲ್ಲಿ ನಿದ್ದಿ ಹೊಡಿಯೂದರಾಗ ನಾ ನೀರು ಹರಸ್ತೇನಿ” ಅನ್ನುತ್ತಾರೆ. ಇದನ್ನು ನಾನು ಹೇಳಿದೆ ಎಂದು ಅವರಿಗೆ ಹೇಳಬೇಡಿ. ನೀವು ಗೇಟ್‌ಮನ್ನರ ಹೆಸರಿನಲ್ಲಿ ಅರ್ಜಿ ಹಾಕಿದ್ದನ್ನು ಓದಿ ಅಪ್ಪ ಬಿದ್ದು ಬಿದ್ದು ನಕ್ಕರು. ಇದನ್ನೂ ನಾನು ಹೇಳಿದೆ ಎನ್ನಬೇಡಿ.

ಮಾವಾ, ನನ್ನ ಅಂಗನವಾಡಿಗೆ ಬಂದು ನೋಡಿ. ಯೋಜನೆ ದಿಲ್ಲಿಯದು, ನಡೆಸುವುದು ರಾಜ್ಯ, ಗೌರವಧನ ಎರಡೂ ಕಡೆಯಿಂದ ಕೂಡಿ ಬರಬೇಕು, ತಡವಾದರೆ ಎರಡೂ ಕಡೆಯಿಂದ ಕೂಡಿಯೇ ತಡವಾಗುತ್ತದೆ. ಆದರೆ ಹನ್ನೊಂದು ಗಂಟೆಗೆ ಹುಡುಗರಿಗೆ ಹಸಿವಾಗುತ್ತದೆ. ಆಗ ನಾನು ಯಾವ ಲಿಸ್ಟನ್ನೂ ನೋಡುವುದಿಲ್ಲ, ಒಲೆ ಹಚ್ಚುತ್ತೇನೆ.

ಹೋದ ವಾರ ಮಾಲತೇಶ ತಮ್ಮ ಪಂಪ್ ರಿಪೇರಿ ಅಂಗಡಿಯ ಸಾಮಾನು ಕಟ್ಟಿಕೊಂಡು, ಅಂಗನವಾಡಿಯ ಕೈಪಂಪು ದುರಸ್ತಿ ಮಾಡುತ್ತೇನೆಂದು ಬಂದಿದ್ದರು. ಅದು ಕೆಟ್ಟಿರಲಿಲ್ಲ. ಆದರೂ ಬಿಚ್ಚಿ ಮತ್ತೆ ಜೋಡಿಸಿ ಹೋದರು.

ಅತ್ತೆಯ ತಾಮ್ರದ ಕೊಡ ಇನ್ನೂ ಇದೆಯೇ? ಇದ್ದರೆ ತಿಕ್ಕಿ ಇಡಿ.

ನಿಮ್ಮ
ಮಂಗಳಾ


ಗೇಟಿನೋಣಿ
೨ ಸೆಪ್ಟೆಂಬರ್ ೧೯೯೪

ಅಜ್ಜಪ್ಪಾ, ಅಜ್ಜಪ್ಪಾ,

ಕೂತು ಓದು. ನಿಂತಿದ್ದರೆ ನಗುತ್ತಾ ಬೀಳುತ್ತೀ.

ಹೋದ ವಾರ ಸೋಮವಾರ ರೈಲ್ವೆಯವರು ಬಂದು ಬುಡನಸಾಬನ ಹೊರಗೋಡೆಗೆ ನಳ ಹಾಕಿದರು. ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ. ನಿನಗೆ ಬರೆಯೋಣ ಎಂದು ಪೆನ್ನು ತೆಗೆದೆ, ಶಾಯಿ ಇರಲಿಲ್ಲ. ಗುರುವಾರ ಮುಂಜಾನೆ ಶಾಯಿ ತರಲು ಹೊರಗೆ ಬಂದರೆ ಹುಣಸೆಮರದ ಬುಡದಲ್ಲಿ ಏನೋ ಗುಳುಗುಳು ಸದ್ದು. ನೋಡುತ್ತಿದ್ದ ಹಾಗೆಯೇ ನಿನ್ನ ನಳ ಕೆಮ್ಮಿತು, ಸೀನಿತು, ಕಡಜದ ಮನೆಯನ್ನು ನನ್ನ ಕಾಲಬುಡಕ್ಕೆ ಉಗುಳಿತು. ಆಮೇಲೆ ಕೆಂಪು ನೀರು, ಆಮೇಲೆ ಬಿಳಿ ನೀರು. ಹೊಸ ಹಳಿಯ ಕೆಳಗೆ ಪೈಪು ಯಾವಾಗ ತೂರಿಸಿದರೋ, ನಮಗೆ ಯಾರಿಗೂ ಗೊತ್ತಿಲ್ಲ. ಏರಿ ಅಗೆಯುವಾಗ ಎಲ್ಲಾ ರೈಲಿನ ಕೆಲಸ ಎಂದುಕೊಂಡಿದ್ದೆವು.

ಒಂದು ನಳಕ್ಕೆ ಬಾಯಿ ಬಿಟ್ಟು ಕೂತ ಓಣಿಗೆ ಒಂದೇ ವಾರದಲ್ಲಿ ಎರಡು ನಳ! ಎದುರುಬದುರು. ನೀನು ನನಗೆ ಹೇಳಲಿಲ್ಲ, ನಾನು ನಿನಗೆ ಕೇಳಲಿಲ್ಲ, ದಿಲ್ಲಿ ಬೆಂಗಳೂರಿಗೆ ಹೇಳಲಿಲ್ಲ. ಮಾತಾಡಿದ್ದರೆ ಒಂದೇ ಬರುತ್ತಿತ್ತು ನೋಡು. ಅಥವಾ ಒಂದೂ ಬರುತ್ತಿರಲಿಲ್ಲ.

ಈಗ ಹೆಂಗಸರದೇ ಪಾರ್ಲಿಮೆಂಟು. ಹುಸೇನಬಿ ಗೋಡೆಯ ನಳಕ್ಕೆ ಒರಗಿ “ಇದು ಕೇಂದ್ರದ್ದು, ಟಾಕಿ ನೀರು, ಬ್ಯಾಳಿ ಲಗೂ ಕುದೀತಾವ” ಅನ್ನುತ್ತಾಳೆ. ಆಚೆ ಮನೆಯ ಮುದುಕಿ ಮೈಲವ್ವ ಮರದ ನಳಕ್ಕೆ ಕಾವಲು: “ಹೋಗಬೇ, ನಿನ್ನ ಟಾಕಿ ನೀರಾಗ ಇಂಜಿನ್ ವಾಸನಿ ಐತಿ. ಇದು ಹೊಳಿ ನೀರು.” ಒಂದು ವಾರ ಇದೇ ಆಯಿತು. ಕಡೆಗೆ ತಾವೇ ಹಂಚಿಕೊಂಡರು. ಕುಡಿಯಲಿಕ್ಕೆ ಮರದ ನಳ, ಬಟ್ಟೆಗೆ ಗೋಡೆಯ ನಳ, ದನ ಮತ್ತು ಚಹಾ ಎರಡರಿಂದಲೂ ಸೈ. ಯಾರೂ ಅವರಿಗೆ ಕಾನ್‌ಕರೆಂಟ್ ಎಂದು ಹೇಳಿಕೊಟ್ಟಿಲ್ಲ.

ನಿನ್ನ ಷರತ್ತು ತೀರಿತು. ತೀರಿಸಿದವನು ನಾನು. ಸೋಮವಾರ ಮೊದಲು ಬರುತ್ತದೆ, ಗುರುವಾರ ಆಮೇಲೆ. ಇದಕ್ಕೆ ಪಾಲಿಟಿ ಬೇಡ, ಪಂಚಾಂಗ ಸಾಕು. ಬೇಗ ಬಂದು ಮದುವೆಯ ತಾರೀಖು ಮಾತಾಡು.

ತಾಮ್ರದ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಭರಮವ್ವ ಹೋದ ಮೇಲೆ ಅದನ್ನು ಅಟ್ಟದಿಂದ ಇಳಿಸಿದ್ದು ಇದೇ ಮೊದಲು. ಸುಮ್ಮನೆ, ಹುಣಸೆಹಣ್ಣು ಬಹಳ ಇತ್ತು.

ಗುಡದಪ್ಪ


ಬ್ಯಾಡಗಿ
೯ ಅಕ್ಟೋಬರ್ ೧೯೯೪

ಗುಡದಪ್ಪ,

ಹಿರಿಯರನ್ನು ಕೇಳಿ ಡಿಸೆಂಬರ್ ಐದು ಗೊತ್ತು ಮಾಡಿದ್ದೇನೆ, ಮದುವೆ ಇಲ್ಲೇ. ಮೊದಲು ಬಂದದ್ದು ಮುಖ್ಯವಲ್ಲ, ಕುಡಿಯುವ ನೀರು ಯಾವುದು ಎಂಬುದು ಮುಖ್ಯ. ಅದನ್ನು ನಿಮ್ಮ ಓಣಿಯ ಹೆಂಗಸರೇ ತೀರ್ಮಾನ ಮಾಡಿದ್ದಾರೆ, ನೀನೇ ಬರೆದಿದ್ದೀ.

ಮನೆ ತುಂಬಿದ ಮರುದಿನ ಮಂಗಳಾ ಗಂಗವ್ವನ ಪೂಜೆ ಮಾಡಿ ಮೊದಲ ಕೊಡ ತರುತ್ತಾಳಲ್ಲ, ಅದು ಮರದ ನಳದ್ದೇ ಆಗಬೇಕು. ನಾನು ಅಲ್ಲಿರುವುದಿಲ್ಲ. ಆದರೂ ನನಗೆ ಗೊತ್ತಾಗುತ್ತದೆ.

ಗೇಟಿನ ಕಡೆ ಅವಳನ್ನು ಕಳಿಸಬೇಡ. ಇದೊಂದು ಮಾತ್ರ ನಗೆಯ ಮಾತಲ್ಲ.

ಅಜ್ಜಪ್ಪ


ಗೇಟಿನೋಣಿ
೭ ಡಿಸೆಂಬರ್ ೧೯೯೪

ಅಜ್ಜಪ್ಪ,

ನೀನು ಯಾರಿಂದಲಾದರೂ ಕೇಳುವ ಮೊದಲು ನಾನೇ ಬರೆಯುತ್ತೇನೆ. ಸಿಟ್ಟು ಮಾಡುವುದಾದರೆ ಪೂರ್ತಿ ಓದಿ ಮಾಡು.

ಇವತ್ತು ಮುಂಜಾನೆ ಓಣಿಯೆಂಬ ಓಣಿ ನನ್ನ ಅಂಗಳದಲ್ಲಿತ್ತು. ಮೈಲವ್ವ ಮರದ ನಳಕ್ಕೆ ಅರಿಷಿಣ ಕುಂಕುಮ ಹಚ್ಚಿ, ಸೇವಂತಿಗೆ ಸುತ್ತಿದ್ದಳು. ಹುಸೇನಬಿ ಬಿಡುತ್ತಾಳೆಯೇ? ಗೋಡೆಯ ನಳಕ್ಕೆ ಮಲ್ಲಿಗೆ ದಂಡೆ ಹಾಕಿ, ಮದುಮಗನ ಹಾಗೆ ಸಿಂಗರಿಸಿ ನಿಲ್ಲಿಸಿದ್ದಳು. ಎರಡರಲ್ಲೂ ನೀರು ಬರುತ್ತಿತ್ತು, ಅದೂ ಜೋರಾಗಿ. ಹಾಗೆ ಎರಡೂ ಕೂಡಿ ಬರುವ ದಿನ ಅಪರೂಪ. ಮಾಲತೇಶ ನನ್ನ ಹಿಂದೆ ನಿಂತು ಸುಮ್ಮನೆ ನಗುತ್ತಿದ್ದ, ಪಂಪು ಕೆಟ್ಟಿಲ್ಲದಿದ್ದರೂ ಬಿಚ್ಚುವ ಹುಡುಗ.

ಮಂಗಳಾ ತಾಮ್ರದ ಕೊಡ ನಡುವಿಗೆ ಇಟ್ಟುಕೊಂಡು ಹೊಸ್ತಿಲು ದಾಟಿದಳು.

“ಈ ಕಡೆ ಬಾ ನನ್ನವ್ವಾ, ಹೊಳಿ ಗಂಗವ್ವ ಇಲ್ಲಿದ್ದಾಳ,” ಮೈಲವ್ವ ಕರೆದಳು.

“ಬೇಟೀ, ಇಲ್ಲಿ ಮೊದಲು ಬಂದೈತಿ ನೀರು. ನಿಮ್ಮ ಮಾವಾರ ತಂದದ್ದು,” ಹುಸೇನಬಿ ಕರೆದಳು.

ನಿನ್ನ ಕಾಗದ ನನ್ನ ಅಂಗಿಯ ಕಿಸೆಯಲ್ಲಿತ್ತು. ನಾನು ಮರದ ನಳದ ಕಡೆ ಕೈ ಮಾಡಲಿಕ್ಕೆ ಹೊರಟೆ. ಖರೇ ಹೇಳುತ್ತೇನೆ, ನಿನ್ನ ಮಾತು ನಡೆಸಬೇಕೆಂದೇ ಇದ್ದೆ. ಅಷ್ಟರಲ್ಲಿ ಅವಳು ನನ್ನನ್ನೇ ಕೇಳಿದಳು:

“ಮಾವಾ, ಅತ್ತಿ ಎಲ್ಲಿಂದ ತರತಿದ್ದಳು?”

ನನ್ನ ಕೈ ತಾನಾಗಿಯೇ ಗೇಟಿನ ಕಡೆ ಹೊರಳಿತು. ಬಾಯಿ ಹೊರಳುವುದು ನಿನಗೆ ಗೊತ್ತು, ಇವತ್ತು ಕೈ ಹೊರಳಿತು. ಅವಳು ಎರಡೂ ನಳಕ್ಕೆ ಕೈ ಮುಗಿದು, ನಡುವೆ ಹಾದು, ನೆಟ್ಟಗೆ ಗೇಟಿಗೆ ನಡೆದುಬಿಟ್ಟಳು. ಹಿಂದೆ ಹೆಂಗಸರ ಮೆರವಣಿಗೆ. ಮೈಲವ್ವ ಬೈಯುತ್ತ, ಹುಸೇನಬಿ “ಹಗ್ಗ ಬೇಕಲ್ಲ ಬಾವಿಗೆ” ಎಂದು ಹಗ್ಗ ತರಲು ಓಡುತ್ತ.

ಗೇಟು ಹಾಕಿತ್ತು. ಅಜ್ಜಪ್ಪ, ನಿನ್ನ ಮಗಳು ಅಲ್ಲಿ ಕೊಡ ಹಿಡಿದು ನಿಂತಳು, ನಿನ್ನ ತಂಗಿ ನಿಲ್ಲುತ್ತಿದ್ದ ಜಾಗದಲ್ಲೇ. ಹೊಸ ಹಳಿಯ ಮೇಲೆ ದೊಡ್ಡ ಗಾಡಿ ಬಂತು. ಡಬ್ಬಿಗಳೆಲ್ಲ ಅಗಲ ಅಗಲ. ಕಿಟಕಿಯಲ್ಲಿದ್ದವರು ಹೂ ಮುಡಿದ ಮದುಮಗಳನ್ನು ನೋಡಿ ಕೈ ಬೀಸಿದರು, ಇವಳೂ ಬೀಸಿದಳು. ಗಾಡಿ ದಾಟಿದ ಮೇಲೆ ಬುಡನಸಾಬ ಗೇಟು ಎತ್ತಿ, ತಲೆಯ ರುಮಾಲು ಸರಿಮಾಡಿಕೊಂಡು ಅಂದ: “ಹೋಗಿ ಬಾರವ್ವಾ. ನೀ ತಿರುಗಿ ಬರೂತನಾ ಗೇಟ್ ಹಾಕೂದಿಲ್ಲ. ರೂಲ್ಸ್ ಹಾಳಾಗಿ ಹೋಗಲಿ.” ಹುಸೇನಬಿ ಹಗ್ಗ ಹಿಡಿದು ಓಡಿಬಂದವಳು ಅದನ್ನು ಕೇಳಿಬಿಟ್ಟಳು. ಅವಳು ಅವನಿಗೆ ಅಂದದ್ದನ್ನು ಕಾಗದದಲ್ಲಿ ಬರೆಯಲಿಕ್ಕೆ ಬರುವುದಿಲ್ಲ.

ಕೊಡ ತುಂಬಿ ತಲೆಯ ಮೇಲೆ ಹೊತ್ತು ಬಂದಳು. ಒಂದು ಹನಿ ತುಳುಕಲಿಲ್ಲ. ನಾನು ಬಾಗಿಲಲ್ಲಿ ಅಡ್ಡ ನಿಂತು ಅಂದೆ:

“ನಿಮ್ಮಪ್ಪ ನನ್ನ ಜೀವಾ ತಗೀತಾನ. ನೀ ನೀರು ಹೊರಬಾರದು ಅಂತನ ಅವ ನಳ ತಂದಾನ.”

“ನಳ ಬಂದಾವಲ್ಲ ಮಾವಾ, ಒಂದಲ್ಲ ಎರಡು. ಇನ್ನ ಮ್ಯಾಲ ಯಾರೂ ಹೊರಬೇಕಾಗಿಲ್ಲ. ಅತ್ತಿ ಹೊರಲೇಬೇಕಿತ್ತು. ನಾ ಮನಸಿದ್ದು ಹೊತ್ತೇನಿ. ನಾಳಿಂದ ನಳದ ನೀರ. ಇವತ್ತಿನ ಕೊಡ ಅತ್ತಿದು.”

“ಇದು ಯಾವ ಲಿಸ್ಟಿನ್ಯಾಗ ಬರತೈತಿ?” ನನಗೆ ಬೇರೆ ಏನು ಕೇಳಲಿಕ್ಕೆ ಬರುತ್ತದೆ ಹೇಳು.

“ಯಾವುದರಾಗೂ ಇಲ್ಲ. ಯಾವುದರಾಗೂ ಇಲ್ಲದ್ದು ಈ ಮನಿಯಾಗ ಯಾರದು ಅಂತ ಅಪ್ಪ ನಿಮಗ ಬರದಿದ್ದ. ಆ ಕಾಗದ ಟಪಾಲ ಡಬ್ಬಿಗೆ ಹಾಕಿದಾಕಿ ನಾನ. ಸರೀರಿ ಮಾವಾ, ಕುತ್ತಿಗಿ ನೋಯಾಕತ್ತೈತಿ.”

ಸರಿದೆ. ಒಳಗೆ ಹೋಗಿ ಕೊಡವನ್ನು ಕಟ್ಟೆಯ ಮೇಲೆ ಇಟ್ಟಳು. ಎಲ್ಲಿಡಬೇಕೆಂದು ಯಾರೂ ತೋರಿಸಿರಲಿಲ್ಲ. ಅಲ್ಲಿ ಕಲ್ಲಿಗೆ ದುಂಡಗೆ ಒಂದು ತಗ್ಗು ಬಿದ್ದಿದೆ, ಇಷ್ಟು ವರ್ಷ ಕೊಡ ಇಟ್ಟು ಇಟ್ಟು ಸವೆದದ್ದು. ಅದರಲ್ಲಿ ಸರಿಯಾಗಿ ಕೂತಿತು. ಮೊದಲ ತಂಬಿಗೆ ನನಗೇ ಕೊಟ್ಟಳು. ಆ ಬಾವಿಯ ನೀರು ಸ್ವಲ್ಪ ಉಪ್ಪು. ಮರೆತೇಹೋಗಿತ್ತು.

ನಿನ್ನ ಮಾತು ನಡೆಯಲಿಲ್ಲ, ನನ್ನದೂ ನಡೆಯಲಿಲ್ಲ. ಬಂದು ಜಗಳ ಮಾಡು, ನನ್ನೊಬ್ಬನ ಹತ್ತಿರ ಅಲ್ಲ, ಅವಳ ಹತ್ತಿರ ಮಾಡು, ನಾನು ಕೂತು ನೋಡುತ್ತೇನೆ. ಬರುವಾಗ ಬ್ಯಾಡಗಿ ಮೆಣಸಿನಕಾಯಿ ತಾ, ಮನೆಯಲ್ಲಿ ಇದ್ದದ್ದು ಹಳೆಯದಾಯಿತೆಂದು ಸೊಸೆ ಆಗಲೇ ಎತ್ತಿ ಹೊರಗಿಟ್ಟಿದ್ದಾಳೆ. ಮೆಣಸಿನಕಾಯಿ ಯಾವ ಲಿಸ್ಟು ಎಂದು ನಾನು ಕೇಳಲಿಲ್ಲ. ಇನ್ನೊಂದು ಮಾತು, ಹಾವೇರಿಯನ್ನು ಬೇರೆ ಜಿಲ್ಲೆ ಮಾಡಬೇಕು ಅನ್ನುತ್ತಾರಲ್ಲ, ಅದು ಯಾರ ಕೈಯಲ್ಲಿದೆ ಅಂದರೆ, ನನ್ನ ನೆನಪಿನ ಪ್ರಕಾರ...

ಇಲ್ಲ, ಬರೆದದ್ದರ ಮೇಲೆಯೇ ಬರೆಯುತ್ತಿದ್ದೇನೆ, ಸಾಲು ಕಾಣುತ್ತಿಲ್ಲ. ತಲೆ ಎತ್ತಿದರೆ ಹುಣಸೆಮರ ಆಗಲೇ ಕಪ್ಪಾಗಿದೆ, ನಳವೆರಡೂ ಕಾಣುತ್ತಿಲ್ಲ, ತೊಟ್ಟಿಕ್ಕುವುದು ಮಾತ್ರ ಕೇಳುತ್ತದೆ. ಒಳಗೆ ಯಾರೋ ದೀಪ ಹಚ್ಚುತ್ತಿದ್ದಾರೆ.

ಯಾರೋ ಅಂದೆ ನೋಡು. ಸೊಸೆ.

ಗುಡದಪ್ಪ